ಮಾಸ್ತರ್ರನ್ನು ಕೇಳಿ: ಗೋಲು ಯಾವ ಬಾಗಿಲಿಂದ ಬಂತು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ, ಫುಟ್‌ಬಾಲಿನ ಡಿಫೆನ್ಸು, ಅಂದರೆ ಗೋಲು ತಡೆಯುವ ಕೆಲಸ. ಟೂರ್ನಮೆಂಟುಗಳು ಮುಗಿದಿವೆ. ಕಲಬುರಗಿಯಲ್ಲಿ ಬಿಸಿಲು 40 ದಾಟಿದೆ, ಮಧ್ಯಾಹ್ನ ಮೈದಾನದಲ್ಲಿ ನಾಯಿಯೂ ಕಾಣುವುದಿಲ್ಲ. ಆಡಲು ಆಗದಿದ್ದಾಗ ನಮ್ಮ ಮಂದಿ ಚಹಾ ಅಂಗಡಿಯಲ್ಲಿ ಕೂತು ಟೀಮು ಕಟ್ಟುತ್ತಾರೆ. ಒಳ್ಳೆಯದೇ. ಮ್ಯಾಚಿನ ಹಿಂದಿನ ರಾತ್ರಿ ಕಟ್ಟುವುದಕ್ಕಿಂತ ಇದು ಎಷ್ಟೋ ವಾಸಿ.

ಪ್ರ: ಮಾಸ್ತರ್ರೇ, ನಮ್ಮದು ಹುಡುಗರ ಟೀಮು. ಹೋದ ವರ್ಷ 8 ಮ್ಯಾಚು ಆಡಿ 11 ಗೋಲು ಹೊಡೆದೆವು, 19 ತಿಂದೆವು. "ನಮಗ ಗೋಲ್ ಹೊಡಿಲಕ್ಕ ಬರ್ತದ, ತಡಿಲಕ್ಕ ಬರಂಗಿಲ್ಲ" ಅಂತ ನಾವೇ ನಗುತ್ತೇವೆ. ಈ ಸಲ ಎಲ್ಲರೂ ಸೇರಿ 20,000 ರೂಪಾಯಿ ಕೂಡಿಸಿದ್ದೇವೆ. ಹೈದರಾಬಾದಿನಿಂದ ಆರಡಿ ಎತ್ತರದ ಒಬ್ಬ ಸ್ಟಾಪರನ್ನು (ಗೋಲಿನ ಮುಂದೆ ನಡುವೆ ನಿಂತು ತಡೆಯುವವನು) ಕರೆಸೋಣ ಅಂತ ಅರ್ಧ ಮಂದಿ, ಬೇಡ ಅಂತ ಅರ್ಧ ಮಂದಿ. ಉಳಿಯಲು ನಮ್ಮ ಗೋಲಿಯ (ಗೋಲ್‌ಕೀಪರನ) ಮನೆಯಲ್ಲೇ ರೂಮು ಇದೆ. ನೀವು ಏನು ಹೇಳುತ್ತೀರಿ?
(ಟೀಮಿನ ಕ್ಯಾಪ್ಟನ್, ಶಹಾಬಾದ)

ಉ: ತಮ್ಮಾ, ನಿನ್ನ ಪತ್ರದಲ್ಲಿ ಸ್ಟಾಪರನ ಎತ್ತರ ಇದೆ, ದುಡ್ಡಿನ ಲೆಕ್ಕ ಇದೆ, ಅವನು ಮಲಗುವ ರೂಮೂ ಇದೆ. ಆ 19 ಗೋಲು ಹೇಗೆ ಹೋದವು ಅನ್ನುವುದು ಮಾತ್ರ ಒಂದು ಸಾಲೂ ಇಲ್ಲ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ನಿನ್ನ ವಯಸ್ಸಿನಲ್ಲಿ ನಾನೂ ಇದನ್ನೇ ಮಾಡಿದವನು.

1987ರ ಮಾತು. ನಾನು ಲೆಫ್ಟ್ ಬ್ಯಾಕ್, ಹಿಂದಿನ ಸಾಲಿನಲ್ಲಿ ಎಡಬದಿ ಕಾಯುವವನು. ಸೋತು ಸೋತು ಬೇಸತ್ತ ನಮ್ಮ ಟೀಮು ಸಿಕಂದರಾಬಾದಿನಿಂದ ಒಬ್ಬ ಸ್ಟಾಪರನ್ನು ಕರೆಸಿತು. ರೈಲು ಚಾರ್ಜು, ಊಟ, ಮ್ಯಾಚಿಗಿಷ್ಟು ಅಂತ ಕೈಗೆ ದುಡ್ಡು. ಒಳ್ಳೆ ಆಟಗಾರ. ತಲೆ ಮಟ್ಟಕ್ಕೆ ಬಂದ ಚೆಂಡು ಒಂದನ್ನೂ ಬಿಡುತ್ತಿರಲಿಲ್ಲ. ಆದರೂ ಗೋಲು ಹೋಗುತ್ತಲೇ ಇದ್ದವು.

ನಮ್ಮ ಅಣ್ಣ ಗಂಜಿನ ಧಾನ್ಯಪೇಟೆಯಲ್ಲಿ ಒಂದು ತೊಗರಿ ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಫುಟ್‌ಬಾಲ್ ಅಂದರೆ ಅವನಿಗೆ ಅಷ್ಟಕ್ಕಷ್ಟೇ. ಭಾನುವಾರ ಅಂಗಡಿ ಬಂದ್, ಮನೆಯಲ್ಲಿ ಕೂತರೆ ಅತ್ತಿಗೆ ಕೆಲಸ ಹೇಳುತ್ತಾಳೆ, ಹಾಗಾಗಿ ಮೈದಾನಕ್ಕೆ ಬಂದು ಗೆರೆಯ ಹತ್ತಿರ ಕೂರುತ್ತಿದ್ದ. ಲೆಕ್ಕ ಬರೆಯುವವನ ಕೈ ಸುಮ್ನೆ ಇರುತ್ತದಾ? ಕೆಂಪು ಬಟ್ಟೆ ರಟ್ಟಿನ ಉದ್ದನೆಯ ಖಾತೆ ಪುಸ್ತಕ ತಂದು, ನಾವು ತಿಂದ ಗೋಲುಗಳನ್ನು ಖರ್ಚಿನ ಬದಿಗೆ ಬರೆಯಲು ಶುರು ಮಾಡಿದ. ಎಷ್ಟನೇ ನಿಮಿಷ, ಚೆಂಡು ನಾವು ಕಳೆದುಕೊಂಡದ್ದು ಎಲ್ಲಿ, ಎಡಗಡೆಯಿಂದ ಬಂತೋ ಬಲಗಡೆಯಿಂದಲೋ, ಕೊನೆಗೆ ಒದ್ದವನ ಪಕ್ಕ ನಮ್ಮವರು ಯಾರಿದ್ದರು. ಸ್ಟಾಪರ್, ಹಾಫ್ ಅನ್ನುವ ಹೆಸರೆಲ್ಲ ಗೊತ್ತಿಲ್ಲದೆ, "ಉದ್ದ ಮೀಸಿಯವ", "ಹಸರ ಚಡ್ಡಿಯವ" ಅಂತ ಬರೆದಿದ್ದ.

ಸೀಸನ್ ಮುಗಿದ ದಿನ ಚಹಾ ಅಂಗಡಿಯ ಬೆಂಚಿನ ಮೇಲೆ ಪುಸ್ತಕ ಬಿಚ್ಚಿಟ್ಟ. ಒಟ್ಟು 14 ಗೋಲು. ಅದರಲ್ಲಿ 9 ನನ್ನ ಬದಿಯಿಂದ ಬಂದಿದ್ದವು. ನಾನು ಹೀರೋ ಥರ ಚೆಂಡು ತಗೊಂಡು ಮುಂದೆ ಓಡುತ್ತಿದ್ದೆ. ಆಗ ನನ್ನ ಜಾಗ ಕಾಯಬೇಕಾದ ಹಾಫ್, ಅಂದರೆ ನಡುಮೈದಾನದವನು, ಅಲ್ಲಿ ಇರುತ್ತಿರಲಿಲ್ಲ. ಎದುರಿನವರಿಗೆ ಅದು ಎರಡೇ ಮ್ಯಾಚಿನಲ್ಲಿ ಗೊತ್ತಾಗಿತ್ತು, ನಮಗೆ ಇಡೀ ಸೀಸನ್ ಗೊತ್ತಾಗಲಿಲ್ಲ. ಅಣ್ಣ ಹೇಳಿದ್ದು ಇಷ್ಟೇ: "ಮುಂದಿನ ಬಾಗಲಾ ತೆರದೇ ಅದ. ನೀವು ಹಿತ್ತಲ ಗ್ವಾಡಿ ಎತ್ತರ ಮಾಡ್ಲಕತ್ತೀರಿ." ಆ ಸ್ಟಾಪರ್ ಪಾಪ, ನನ್ನ ಜಾಗಕ್ಕೆ ಓಡಿ ಬಂದು ಬಂದು ಸುಸ್ತಾಗಿ ವಾಪಸ್ ರೈಲು ಹತ್ತಿದ.

ಹಾಗಾಗಿ ಮೊದಲು ಒಂದು ನೋಟ್‌ಬುಕ್ ತಗೊ. ಹನ್ನೊಂದು ಜನರನ್ನೂ ಒಂದು ಸಂಜೆ ಕೂರಿಸಿ 19 ಗೋಲನ್ನೂ ನೆನಪು ಮಾಡಿಕೊಳ್ಳಿ. ಫೋನಿನಲ್ಲಿ ಯಾರೋ ವಿಡಿಯೋ ಮಾಡಿಯೇ ಇರುತ್ತಾರೆ, ಕೇಳಿ ತರಿಸಿಕೊಳ್ಳಿ. ಜಗಳ ಆಗುತ್ತದೆ, ಆಗಲಿ. ನನ್ನ ಅಂದಾಜು ಹೇಳಲಾ? ನಮ್ಮ ಕಡೆಯ ಟೀಮುಗಳಲ್ಲಿ ಅರ್ಧ ಗೋಲು ಕಾರ್ನರ್ ಮತ್ತು ಥ್ರೋಗಳಿಂದ ಹೋಗುತ್ತವೆ. ಚೆಂಡು ಮೊದಲ ಸಲ ತಡೆಯುತ್ತೀರಿ, ತಿರುಗಿ ಬಿದ್ದ ಎರಡನೇ ಚೆಂಡಿಗೆ ಯಾರೂ ಇರುವುದಿಲ್ಲ. ಇನ್ನು ಕೆಲವು ಕೊನೆ ಹತ್ತು ನಿಮಿಷದಲ್ಲಿ. ಅದಕ್ಕೆ ಸ್ಟಾಪರ್ ಬೇಡ, ಬೆಳಗ್ಗೆ ಐದೂವರೆಗೆ ಎದ್ದು ಓಡಬೇಕು, ಅಷ್ಟೇ. ಮತ್ತೆ ಕೆಲವು ಗೋಲಿಯ ಬಾಯಿ ಕಟ್ಟಿದ್ದರಿಂದ. ಹಿಂದೆ ನಿಂತವನಿಗೆ ಇಡೀ ಮೈದಾನ ಕಾಣುತ್ತದೆ. ಅವನು "ಬಲಕ್ಕ ಒಬ್ಬ ಬಂದಾನ" ಅಂತ ಕೂಗದಿದ್ದರೆ ಬ್ಯಾಕುಗಳಿಗೆ ಬೆನ್ನಲ್ಲಿ ಕಣ್ಣಿದೆಯಾ?

ಗೋಲಿಯ ಬೆಲೆ ಎಷ್ಟು ಅಂತ ದೊಡ್ಡ ಟೀಮುಗಳಿಗೂ ತಡವಾಗಿಯೇ ಗೊತ್ತಾಗುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್ 2018ರ ಜನವರಿಯಲ್ಲಿ 7.5 ಕೋಟಿ ಪೌಂಡ್ ಕೊಟ್ಟು ವಾನ್ ಡೈಕ್ ಎಂಬ ಸ್ಟಾಪರನ್ನು ತಂದಿತು. ಅವನು ಬಂದ ಮೇಲೂ ಆ ಮೇ ತಿಂಗಳ ಚಾಂಪಿಯನ್ಸ್ ಲೀಗ್ (ಯುರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಮೆಂಟು) ಫೈನಲಿನಲ್ಲಿ ಗೋಲಿಯ ತಪ್ಪುಗಳಿಂದಲೇ ರಿಯಲ್ ಮ್ಯಾಡ್ರಿಡ್‌ಗೆ ಸೋತರು. ಆಮೇಲೆ ಎರಡು ಸೀಸನ್ನಿನ ನಡುವಿನ ಬಿಡುವಿನಲ್ಲಿ ಆಲಿಸನ್ ಎಂಬ ಗೋಲಿಯನ್ನು ಕೊಂಡರು. ಲೀಗಿನಲ್ಲಿ ಹಿಂದಿನ ಸೀಸನ್ 38 ಗೋಲು ತಿಂದವರು ಮುಂದಿನ ಸೀಸನ್ ತಿಂದದ್ದು 22. ಆ ವರ್ಷ ಅದೇ ಚಾಂಪಿಯನ್ಸ್ ಲೀಗ್ ಗೆದ್ದರು. ಮುಂದೆ ಗೋಡೆ, ಹಿಂದೆ ಬಾಗಿಲು, ಎರಡೂ ಬೇಕಾಯಿತು.

ಆರಡಿ ಎತ್ತರದ ವಿಷಯ. 2006ರಲ್ಲಿ ವಿಶ್ವಕಪ್ ಎತ್ತಿದ ಇಟಲಿಯ ಕ್ಯಾಪ್ಟನ್ ಕನ್ನವಾರೋ ಸ್ಟಾಪರೇ. ಎತ್ತರ ಐದಡಿ ಒಂಬತ್ತು ಇಂಚು. ನಮ್ಮ ಓಣಿಯ ಹಾಲಿನವನೂ ಅವನಿಗಿಂತ ಎತ್ತರ ಇದ್ದಾನೆ.

ಈಗ ಒಂದು ಕಸರತ್ತು ಹೇಳುತ್ತೇನೆ, ದುಡ್ಡು ಖರ್ಚಿಲ್ಲ. ಎತ್ತಿನ ಹಗ್ಗ ತನ್ನಿ. ನಾಲ್ಕು ಬ್ಯಾಕುಗಳ ಸೊಂಟಕ್ಕೆ ಕಟ್ಟಿ, ಒಬ್ಬನಿಂದ ಇನ್ನೊಬ್ಬನಿಗೆ ಏಳೆಂಟು ಹೆಜ್ಜೆ ಬಿಡಿ. ಎದುರಿಗೆ ಒಬ್ಬ ಚೆಂಡು ಇಟ್ಟುಕೊಂಡು ಎಡಕ್ಕೆ ಬಲಕ್ಕೆ ನಡೆಯಲಿ. ಓಡುವುದಲ್ಲ, ನಡೆಯುವುದು. ನಾಲ್ವರೂ ಅವನ ಜೊತೆ ಸರಿಯಬೇಕು. ಹಗ್ಗ ನೆಲಕ್ಕೆ ಜೋತು ಬೀಳಬಾರದು, ಬಿಗಿದು ಯಾರನ್ನೂ ಎಳೆಯಬಾರದು. ಮೊದಲ ದಿನ ಒಬ್ಬನ ಮೇಲೊಬ್ಬ ಬೀಳುತ್ತಾರೆ, ಓಣಿಯ ಮಕ್ಕಳು ಬಂದು ನಗುತ್ತಾರೆ. ಹತ್ತನೇ ದಿನದ ಹೊತ್ತಿಗೆ ಮಾತಿಲ್ಲದೆ ಸರಿಯುತ್ತಾರೆ. ಆಮೇಲೆ ಹಗ್ಗ ಬಿಚ್ಚಿ, ಆದರೂ ಸೊಂಟದಲ್ಲಿ ಹಗ್ಗ ಇದ್ದ ಹಾಗೇ ಆಡುತ್ತಾರೆ. ಬಿದ್ದಾಗ ಮಂಡಿ ಸುಲಿಯದಂತೆ ಮೆತ್ತಗಿನ ಮಣ್ಣು ಇರುವ ಕಡೆ ಮಾಡಿ. ಎರೆ ಹೊಲದಲ್ಲಿ ಮಾತ್ರ ಬೇಡ. ಈಗ ಬಿರುಕು ಬಿಟ್ಟಿರುತ್ತದೆ, ಕಾಲು ಹೊಕ್ಕರೆ ಹಿಮ್ಮಡಿ ಗಂಟು ಉಳುಕಿ ಇಡೀ ಸೀಸನ್ ಹೋಗುತ್ತದೆ.

ಇನ್ನು 20,000. ಗೋಲಿಗೆ ಒಳ್ಳೆ ಕೈಗವಸು, ನಾಲ್ಕು ಚೆಂಡು, ಬೆಳಗಿನ ಪ್ರಾಕ್ಟೀಸ್ ಮುಗಿದ ಮೇಲೆ ಎಲ್ಲರಿಗೂ ಮೊಟ್ಟೆ, ಬಾಳೆಹಣ್ಣು. ಇಷ್ಟಾದ ಮೇಲೂ ದುಡ್ಡು ಉಳಿದು, ನೋಟ್‌ಬುಕ್ಕೂ "ಎತ್ತರದ ಚೆಂಡಿಗೆ ನಾವು ಸೋಲುತ್ತಿದ್ದೇವೆ" ಅಂತ ಹೇಳಿದರೆ, ಕರೆಸು ಅವನನ್ನು. ಆದರೆ ಮ್ಯಾಚಿನ ದಿನ ಬಂದು ಹೋಗುವ ಕರಾರು ಬೇಡ. ಎರಡು ತಿಂಗಳು ಮೊದಲೇ ಬಂದು ಹಗ್ಗ ಕಟ್ಟಿಕೊಳ್ಳಲಿ.

ಕಡಿಮೆ ದುಡ್ಡಿನಲ್ಲಿ ಆಗಲ್ಲ ಅನ್ನಬೇಡ. ಇಂಗ್ಲೆಂಡಿನ ಲೆಸ್ಟರ್ ಸಿಟಿ 2015ರ ಬಿಡುವಿನಲ್ಲಿ ಫುಕ್ಸ್ ಎಂಬ ಲೆಫ್ಟ್ ಬ್ಯಾಕನ್ನು ಪುಕ್ಕಟೆ ತಂದಿತು, ಕರಾರು ಮುಗಿಸಿ ಖಾಲಿ ಇದ್ದ. ಹೂತ್ ಎಂಬ ಸ್ಟಾಪರನ್ನು 30 ಲಕ್ಷ ಪೌಂಡಿಗೆ ಕಾಯಂ ಮಾಡಿಕೊಂಡಿತು. ಅಲ್ಲಿನ ಲೆಕ್ಕಕ್ಕೆ ಅದು ಚಿಲ್ಲರೆ. ಆದರೂ ಮೊದಲ ಒಂಬತ್ತು ಲೀಗ್ ಮ್ಯಾಚಿನಲ್ಲಿ ಒಂದರಲ್ಲೂ ಗೋಲು ತಿನ್ನದೆ ಉಳಿಯಲಿಲ್ಲ. ಕೋಚ್ ರಾನಿಯೇರಿ, "ಒಂದು ಮ್ಯಾಚು ಗೋಲು ತಿನ್ನದೆ ಆಡಿ, ಎಲ್ಲರಿಗೂ ಪಿಜ್ಜಾ ಕೊಡಿಸುತ್ತೇನೆ" ಅಂತ ಮಾತು ಕೊಟ್ಟ. ಹತ್ತನೇ ಮ್ಯಾಚಿನಲ್ಲಿ ಕ್ರಿಸ್ಟಲ್ ಪ್ಯಾಲೇಸನ್ನು 1-0ಯಿಂದ ಸೋಲಿಸಿದರು. ಪಿಜ್ಜಾ ಅಂಗಡಿಗೆ ಕರೆದುಕೊಂಡು ಹೋಗಿ ಅವರವರ ಪಿಜ್ಜಾ ಅವರ ಕೈಲೇ ಮಾಡಿಸಿದ. ಆ ಸೀಸನ್ ಮುಗಿಯುವಾಗ 15 ಮ್ಯಾಚಿನಲ್ಲಿ ಅವರ ಬಲೆಗೆ ಚೆಂಡೇ ಬಿದ್ದಿರಲಿಲ್ಲ, ಲೀಗೂ ಗೆದ್ದಿದ್ದರು. ನೀನು ಮಿರ್ಚಿ ಭಜಿ ಕೊಡಿಸು. ಕರಿಯುವುದು ಮಾತ್ರ ಅಂಗಡಿಯವನೇ ಮಾಡಲಿ.

ಪ್ರ: ನನ್ನ ಮಗ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇದ್ದಾನೆ. ಫೋನ್ ಮಾಡಿದರೆ "ಅಪ್ಪಾ, ನಮ್ಮ ಊರಿನ ಫುಟ್‌ಬಾಲ್ ಟೀಮು ಬಿಡುವಿನಲ್ಲಿ ಡಿಫೆನ್ಸ್ ಗಟ್ಟಿ ಮಾಡಿದ್ದಕ್ಕೇ ಗೆದ್ದಿತು" ಅಂತ ಕೊರೆಯುತ್ತಾನೆ. ವಿಡಿಯೋ ನೋಡಿದೆ. ಚೆಂಡು ಗುಂಡಗಿಲ್ಲ, ಕೈಯಲ್ಲಿ ಹಿಡಿದು ಓಡುತ್ತಾರೆ, ಕಬಡ್ಡಿ ಥರ ಮೈಮೇಲೆ ಬೀಳುತ್ತಾರೆ. ಇದೆಂಥ ಫುಟ್‌ಬಾಲು? ಅವನ ಜೊತೆ ಮಾತಾಡಲು ಎರಡು ವಿಷಯ ಹೇಳಿಕೊಡಿ.
(ನಿವೃತ್ತ ಬ್ಯಾಂಕ್ ನೌಕರ, ಬೀದರ್)

ಉ: ಅಣ್ಣಾವ್ರೇ, ಕಬಡ್ಡಿ ಅಂದಿರಲ್ಲ, ಅರ್ಧ ಅರ್ಥ ಆದ ಹಾಗೇ. ಇನ್ನರ್ಧ ನಿಮ್ಮ ಊರಿನ ಕೋಟೆಯಲ್ಲೇ ಇದೆ. ಬೀದರ್ ಕೋಟೆಯ ಒಂದು ಬದಿಗೆ ಬಂಡೆ ಕೊರೆದು ಮೂರು ಕಂದಕ ಮಾಡಿದ್ದಾರಲ್ಲ, ಒಂದು ದಾಟಿದರೆ ಇನ್ನೊಂದು. ಆ ಅಮೆರಿಕದ ಆಟದ ಡಿಫೆನ್ಸೂ ಹಾಗೇ ಮೂರು ಸಾಲು. ಮುಂದೆ ದಪ್ಪನೆಯವರ ಸಾಲು ಎದುರಿನವರನ್ನು ತಳ್ಳುತ್ತದೆ. ನಡುವಿನ ಸಾಲಿಗೆ ಲೈನ್‌ಬ್ಯಾಕರ್ ಅನ್ನುತ್ತಾರೆ. ಹಿಂದೆ, ದೂರ ಎಸೆದ ಚೆಂಡನ್ನು ಕಸಿಯುವ ಚುರುಕು ಹುಡುಗರು. ಒಂದು ಸಲಕ್ಕೆ ಹನ್ನೊಂದು ಜನ ಡಿಫೆನ್ಸಿಗೇ. ಟೀಮಿನ ಕೈಗೆ ಚೆಂಡು ಬಂದ ತಕ್ಷಣ ಇವರು ಹೊರಗೆ, ಬೇರೆ ಹನ್ನೊಂದು ಜನ ಒಳಗೆ.

ನಿಮ್ಮ ಮಗನ ಟೀಮು ಫಿಲಡೆಲ್ಫಿಯಾ ಈಗಲ್ಸ್. 2023ರ ಸೀಸನ್ನಿನಲ್ಲಿ ಮೊದಲ 11 ಮ್ಯಾಚಿನಲ್ಲಿ 10 ಗೆದ್ದು, ಕೊನೆಗೆ ಮಣ್ಣು ಮುಕ್ಕಿದರು. ಎದುರಿನವರಿಗೆ ಬಿಟ್ಟುಕೊಟ್ಟ ಗಜಗಳ ಲೆಕ್ಕದಲ್ಲಿ 32 ಟೀಮುಗಳ ಪೈಕಿ ಅವರ ಡಿಫೆನ್ಸಿನ ಸ್ಥಾನ 26. ಬಿಡುವಿನಲ್ಲಿ ಮೊದಲು ಮಾಡಿದ ಕೆಲಸ ಡಿಫೆನ್ಸಿನ ಮೇಷ್ಟ್ರನ್ನು ಬದಲಿಸಿದ್ದು. ಫ್ಯಾಂಜಿಯೋ ಎಂಬ ಹಳೆ ಹುಲಿಯನ್ನು ತಂದರು. ಆಮೇಲೆ ಏಪ್ರಿಲಿನ ಡ್ರಾಫ್ಟಿನಲ್ಲಿ ಕಾಲೇಜು ಹುಡುಗರನ್ನು ಆರಿಸುವಾಗ ಮೊದಲ ಎರಡು ಆಯ್ಕೆಯೂ ಹಿಂದಿನ ಸಾಲಿಗೇ: 22ನೆಯದಾಗಿ ಮಿಚೆಲ್, 40ನೆಯದಾಗಿ ಡಿಜೀನ್.

ನನಗೆ ಖುಷಿ ಕೊಟ್ಟದ್ದು ಮೂರನೆಯವನು. ಹೆಸರು ಜ್ಯಾಕ್ ಬಾನ್. ಹಳೆ ಟೀಮಿನಲ್ಲಿ ಅಂಚಿನಲ್ಲಿ ಆಡುತ್ತಾ, ಚೆಂಡು ಒದೆಯುವಾಗ ಮಾತ್ರ ಒಳಗೆ ಬರುವ ತುಕಡಿಯಲ್ಲಿ ಓಡುತ್ತಾ ಇದ್ದವನು. ಒಂದು ವರ್ಷದ ಅಗ್ಗದ ಕರಾರಿಗೆ ತಂದು ನಡುಸಾಲಿಗೆ ಹಾಕಿದರು. ಅದೇ ವರ್ಷ ಇಡೀ ಲೀಗಿನ ಅತ್ಯುತ್ತಮ ತಂಡದ ಪಟ್ಟಿಯಲ್ಲಿ ಅವನ ಹೆಸರು ಬಂತು! ಆ ಬಿಡುವಿನಲ್ಲಿ ಪೇಪರಿನವರೆಲ್ಲ ಬಾರ್ಕ್ಲಿ ಎಂಬ ಓಟಗಾರನನ್ನು ಕೊಂಡದ್ದನ್ನೇ ಬರೆದರು. ಅವನೂ ಚೆನ್ನಾಗಿ ಆಡಿದ, ಇಲ್ಲ ಅನ್ನುವುದಿಲ್ಲ. ಆದರೆ 26ನೇ ಸ್ಥಾನದ ಡಿಫೆನ್ಸು 1ನೇ ಸ್ಥಾನಕ್ಕೆ ಬಂದದ್ದು ಹೀಗೆ. 2025ರ ಫೆಬ್ರವರಿ 9ರ ಫೈನಲಿನಲ್ಲಿ ಕಾನ್ಸಾಸ್ ಸಿಟಿಯನ್ನು 40-22ರಿಂದ ಸೋಲಿಸಿದರು. ಡಿಜೀನ್ ಅವತ್ತು ಎದುರಿನವರ ಎಸೆತ ಕಸಿದು ಓಡಿ ಅಂಕ ಹೊಡೆದ, ಅವತ್ತು ಅವನ ಹುಟ್ಟುಹಬ್ಬ. ಮಗನಿಗೆ ಫೋನ್ ಮಾಡಿ "ಆ ಬಾನ್ ಹುಡುಗ ಹ್ಯಾಂಗ ಅದಾನ?" ಅಂತ ಸುಮ್ನೆ ಕೇಳಿ. ಆ ಕಡೆ ಎರಡು ನಿಮಿಷ ಮಾತೇ ಬರುವುದಿಲ್ಲ.

ಪ್ರ: ಬೆಂಗಳೂರು ಎಫ್‌ಸಿ 2023-24ರಲ್ಲಿ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಹತ್ತನೇ ಸ್ಥಾನ. ಮುಂದಿನ ವರ್ಷ ಫೈನಲ್. ಒಂದು ಬೇಸಿಗೆಯಲ್ಲಿ ಏನು ಮಾಡಿದರು?
(ಕಾಲೇಜು ವಿದ್ಯಾರ್ಥಿ, ಯಾದಗಿರಿ)

ಉ: ಒಂದು ಕೆಲಸ ಅಂತ ಹೇಳಲು ಆಗುವುದಿಲ್ಲ. ಆದರೆ ನಾನು ಗಮನಿಸಿದ್ದು ರಾಹುಲ್ ಭೇಕೆ ವಾಪಸ್ ಬಂದದ್ದನ್ನು. 2019ರ ಮಾರ್ಚಿನ ಫೈನಲ್ ನೆನಪಿದೆಯಾ? ಮುಂಬೈಯಲ್ಲಿ, ಗೋವಾ ಎದುರು, 117ನೇ ನಿಮಿಷದಲ್ಲಿ ಕಾರ್ನರಿಗೆ ತಲೆ ಕೊಟ್ಟು ಒಂದೇ ಗೋಲಿನಿಂದ ಕಪ್ ತಂದ ಬ್ಯಾಕ್. ಆಮೇಲೆ ಮುಂಬೈ ಸಿಟಿಗೆ ಹೋದ, 2024ರ ಬಿಡುವಿನಲ್ಲಿ ತಿರುಗಿ ಬಂದ. ಅದಕ್ಕೂ ಮೊದಲೇ, ಜನವರಿಯಲ್ಲಿ, ಹೈದರಾಬಾದ್ ಎಫ್‌ಸಿಯಿಂದ ಚಿಂಗ್ಲೆನ್‌ಸಾನಾ ಎಂಬ ಸ್ಟಾಪರ್ ಬಂದಿದ್ದ. ಇಬ್ಬರೂ ಲೀಗು ಗೆದ್ದು ಅನುಭವ ಇದ್ದವರು, ಹಿಂದೆ ಗೋಲಿ ಗುರ್‌ಪ್ರೀತ್ ಸಿಂಗ್ ಸಂಧು ಮೊದಲಿನಿಂದಲೇ ಇದ್ದ. ಹೊಸ ಸೀಸನ್ನಿನ ಮೊದಲ ಐದು ಮ್ಯಾಚಿನಲ್ಲಿ ಒಂದು ಗೋಲೂ ತಿನ್ನಲಿಲ್ಲ. ಆರನೆಯದರಲ್ಲಿ ಕೇರಳದವರು ಒಂದು ಹೊಡೆದರು, ಅದನ್ನೂ ಇವರೇ 3-1ರಿಂದ ಗೆದ್ದರು.

ಫೈನಲಿನಲ್ಲಿ ಮಾತ್ರ ಹೊಟ್ಟೆ ಉರಿಯಿತು. ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಮೊದಲು ನಾವೇ ಮುಂದಿದ್ದೆವು. ಬಾಕ್ಸಿನೊಳಗೆ ಚಿಂಗ್ಲೆನ್‌ಸಾನಾ ಕೈಗೆ ಚೆಂಡು ತಾಗಿ ಪೆನಾಲ್ಟಿ. ಎಕ್ಸ್‌ಟ್ರಾ ಟೈಮಿನಲ್ಲಿ 2-1ರಿಂದ ಸೋತೆವು. ಬ್ಯಾಕಿನ ಕಷ್ಟ ಇದೇ ನೋಡು: ಇಡೀ ವರ್ಷ ಕಾಯ್ದದ್ದು ಯಾರಿಗೂ ನೆನಪಿರುವುದಿಲ್ಲ, ಆ ಒಂದು ಕೈ ಎಲ್ಲರಿಗೂ ನೆನಪಿರುತ್ತದೆ.

ಪ್ರ: ಬ್ಯಾಕುಗಳೆಲ್ಲ ಒಟ್ಟಿಗೆ ಮುಂದೆ ಓಡಿ ಎದುರಿನವನನ್ನು ಆಫ್‌ಸೈಡ್ ಮಾಡುವುದು ಮೋಸ ಅಲ್ವಾ? ನಮ್ಮ ಕೋಚು ಈ ಬೇಸಿಗೆಯಲ್ಲಿ ಅದನ್ನೇ ಕಲಿಸುತ್ತಿದ್ದಾರೆ.
(ಹೈಸ್ಕೂಲ್ ಹುಡುಗ, ಕಲಬುರಗಿ)

ಉ: ಮೋಸ ಅಲ್ಲ, ಜಾಣತನ. ನೂರು ವರ್ಷದ ಹಳೆ ಜಾಣತನ. ಮೊದಲು ಚೆಂಡು ಪಡೆಯುವವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಕನಿಷ್ಠ ಮೂವರು ಇರಬೇಕಿತ್ತು, ಇಲ್ಲದಿದ್ದರೆ ಅವನು ಆಫ್‌ಸೈಡ್. ನ್ಯೂಕ್ಯಾಸಲ್‌ನ ಮೆಕ್‌ಕ್ರ್ಯಾಕೆನ್ ಎಂಬ ಬ್ಯಾಕ್ ಈ ಆಟದಲ್ಲಿ ಎಷ್ಟು ಪಳಗಿದ್ದ ಅಂದರೆ, ಎದುರಿನವರಿಗೆ ಆಡುವುದೇ ಕಷ್ಟ ಆಗುತ್ತಿತ್ತು. 1925ರಲ್ಲಿ ನಿಯಮ ಬದಲಿಸಿ ಇಬ್ಬರು ಸಾಕು ಅಂದರು. ಇಂಗ್ಲೆಂಡಿನ ಮೊದಲ ಡಿವಿಷನ್ನಿನಲ್ಲಿ ಹಿಂದಿನ ಸೀಸನ್ 1,192 ಗೋಲು ಆಗಿದ್ದವು, ಮುಂದಿನ ಸೀಸನ್ 1,703! ಆಗ ಆರ್ಸೆನಲ್‌ನ ಮ್ಯಾನೇಜರ್ ಚಾಪ್‌ಮನ್ ನಡುವಿನ ಹಾಫನ್ನು ಹಿಂದಕ್ಕೆ ಕರೆದು ಇಬ್ಬರು ಬ್ಯಾಕುಗಳ ಮಧ್ಯೆ ನಿಲ್ಲಿಸಿದ. ಇವತ್ತು ನಾವು ಸ್ಟಾಪರ್ ಅನ್ನುವವನು ಗಟ್ಟಿಯಾಗಿ ನೆಲೆಯೂರಿದ್ದು ಆವಾಗಲೇ.

ನಿಮ್ಮ ಕೋಚಿಗೆ ಒಂದು ಮಾತು ಮಾತ್ರ ಕೇಳಿ: ನೀವು ಆಡುವ ಟೂರ್ನಮೆಂಟಿನಲ್ಲಿ ಲೈನ್ಸ್‌ಮನ್ ಇರುತ್ತಾರಾ? ನಾವು 1989ರಲ್ಲಿ ಇದನ್ನು ಎರಡು ತಿಂಗಳು ಕಲಿತಿದ್ದೆವು. ಸೆಮಿಫೈನಲಿನಲ್ಲಿ ನಾಲ್ವರೂ ಒಂದೇ ಉಸಿರಿಗೆ ಮುಂದೆ ಓಡಿದೆವು, ಎದುರಿನ ಫಾರ್ವರ್ಡು ಒಬ್ಬನೇ ಹಿಂದೆ ಉಳಿದ. ಎಷ್ಟು ಚಂದ ಅಂದರೆ ನಾನು ಕೈ ಎತ್ತಿ ನಗುತ್ತಾ ಲೈನ್ಸ್‌ಮನ್ ಕಡೆ ತಿರುಗಿದೆ. ಗೆರೆಯ ಮೇಲೆ ಬಾವುಟ ಒಂದೇ ನೆಟ್ಟಿತ್ತು. ಮನುಷ್ಯ ಚಹಾ ಕುಡಿಯಲು ಹೋಗಿದ್ದ. ಗೋಲು. ರೆಫರಿ "ನನಗ ಕಾಣಲಿಲ್ರಿ" ಅಂದರು. ಅವರದೇನು ತಪ್ಪು, ಮೈದಾನದ ಇನ್ನೊಂದು ತುದಿಯಲ್ಲಿದ್ದರು. ಅವತ್ತಿನಿಂದ ನಾನು ಕಲಿಸುವ ಹುಡುಗರಿಗೆ ಸೀಟಿ ಊದುವ ತನಕ ಕೈ ಎತ್ತಬೇಡಿ, ಓಡಿ ಅಂತಲೇ ಹೇಳುವುದು.

ಪ್ರ: ಒಬ್ಬ ಒಳ್ಳೆ ಬ್ಯಾಕ್ ಮುಂದಿನ ಸೀಸನ್ನಿಗೆ ನಮ್ಮಿಂದಲೂ ಇನ್ನೊಂದು ಟೀಮಿನಿಂದಲೂ ಅಡ್ವಾನ್ಸ್ ತಗೊಂಡಿದ್ದಾನೆ. ಏನು ಮಾಡೋಣ?
(ಟೀಮ್ ಮ್ಯಾನೇಜರ್, ವಾಡಿ)

ಉ: ಹುಡುಗನನ್ನು ಮನೆಗೆ ಕರೆದು ಅವರಪ್ಪನ ಎದುರಿಗೆ ಕೂರಿಸಿ ಮಾತಾಡಿ. ಹೊಡೆದಾಟಕ್ಕೆ ಹೋಗಬೇಡಿ. ಇಂಥ ಗೊಂದಲ ದೊಡ್ಡವರಲ್ಲೂ ಆಗುತ್ತದೆ. ಭಾರತ ತಂಡದ ಸ್ಟಾಪರ್ ಅನ್ವರ್ ಅಲಿ ಡೆಲ್ಲಿ ಎಫ್‌ಸಿಯಿಂದ ಲೋನ್ ಮೇಲೆ, ಅಂದರೆ ಎರವಲಾಗಿ, ಮೋಹನ್ ಬಾಗಾನ್‌ನಲ್ಲಿ ಆಡುತ್ತಿದ್ದ. 2024ರ ಬಿಡುವಿನಲ್ಲಿ ಆ ಲೋನ್ ಮುರಿದು ಈಸ್ಟ್ ಬೆಂಗಾಲ್‌ಗೆ ಹೋದ. ಭಾರತದ ಫುಟ್‌ಬಾಲ್ ಫೆಡರೇಷನ್ನಿನ ಕಮಿಟಿ ನಾಲ್ಕು ತಿಂಗಳು ನಿಷೇಧ ಹಾಕಿತು, ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು. ಅವರ ಹತ್ತಿರ ವಕೀಲರಿದ್ದಾರೆ, ನಿಮ್ಮ ಹತ್ತಿರ ಬಾಯಿಮಾತು ಒಂದೇ. ಮುಂದಿನ ಸಲ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿ.

ಪ್ರ: ಎಂಟು ವರ್ಷದ ಮಕ್ಕಳಿಗೆ ಈ ರಜೆಯಲ್ಲಿ ಹೆಡರ್ (ತಲೆಯಿಂದ ಚೆಂಡು ಹೊಡೆಯುವುದು) ಕಲಿಸಬಹುದಾ?
(ಪೋಷಕರು, ಬಸವಕಲ್ಯಾಣ)

ಉ: ಬೇಡ. ನಮ್ಮ ಥರದ ಫುಟ್‌ಬಾಲ್ ನಡೆಸುವ ಅಮೆರಿಕದ ಫೆಡರೇಷನ್ 10 ವರ್ಷದ ತನಕದ ಮಕ್ಕಳಿಗೆ ಹೆಡರೇ ಬೇಡ ಅಂದಿದೆ. ಇಂಗ್ಲೆಂಡಿನವರೂ ಚಿಕ್ಕ ಮಕ್ಕಳ ಆಟದಿಂದ ತೆಗೆಯುತ್ತಿದ್ದಾರೆ. ಮಿದುಳಿನ ವಿಷಯ, ತಮಾಷೆ ಅಲ್ಲ. ಈಗ ಎರಡೂ ಕಾಲಲ್ಲಿ ಚೆಂಡು ನಿಲ್ಲಿಸುವುದು ಕಲಿಯಲಿ.

ಪ್ರ: ಮಾಸ್ತರ್ರೇ, ನನ್ನ ಮಗನಿಗೆ 15 ವರ್ಷ. ಹೋದ ವರ್ಷ ಫಾರ್ವರ್ಡ್ ಆಡುತ್ತಿದ್ದ, ಈ ಬೇಸಿಗೆಯಲ್ಲಿ ಅವರ ಸರ್ ಅವನನ್ನು ಹಿಂದೆ ಹಾಕಿದ್ದಾರೆ. "ನನ್ನ ಫೋಟೋ ಯಾರೂ ಹೊಡೆಯಂಗಿಲ್ಲ" ಅಂತ ಊಟ ಬಿಟ್ಟು ಕೂರುತ್ತಾನೆ. ಅವನಿಗೆ ಆಟ ಬರುವುದಿಲ್ಲ ಅಂತ ಹಿಂದೆ ಹಾಕಿದರಾ?
(ಒಬ್ಬ ತಾಯಿ, ಸೇಡಂ)

ಉ: ಇಲ್ಲ ಅಕ್ಕಾ. ಆಟ ಬರದವನನ್ನು ಬೆಂಚಿನ ಮೇಲೆ ಕೂರಿಸುತ್ತಾರೆ, ಗೋಲಿನ ಮುಂದೆ ನಿಲ್ಲಿಸುವುದಿಲ್ಲ. ಮುಂದೆ ಆಡಿದ ಹುಡುಗ ಒಳ್ಳೆ ಬ್ಯಾಕ್ ಆಗುತ್ತಾನೆ, ಎದುರಿನ ಫಾರ್ವರ್ಡು ಮುಂದೆ ಏನು ಮಾಡುತ್ತಾನೆ ಅಂತ ಅವನಿಗೆ ಮೊದಲೇ ಗೊತ್ತಿರುತ್ತದೆ.

ಒಂದು ಕತೆ ಹೇಳಿ ಅವನಿಗೆ ರೊಟ್ಟಿ ತಿನ್ನಿಸಿ. 1956ರ ನವೆಂಬರ್ 1ರ ತನಕ ನಮ್ಮ ಕಲಬುರಗಿ, ಬೀದರ್ ಎಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ. ಆಗ ಹೈದರಾಬಾದ್ ಸಿಟಿ ಪೊಲೀಸ್ ಟೀಮು ಅಂದರೆ ದೇಶಕ್ಕೇ ಹೆಸರು. 1950ರಿಂದ 54ರ ತನಕ ಐದು ವರ್ಷವೂ ಬೊಂಬಾಯಿಯ ರೋವರ್ಸ್ ಕಪ್ ಅವರದೇ. ಅದರ ಕೋಚ್ ಸೈಯದ್ ಅಬ್ದುಲ್ ರಹೀಂ ಭಾರತ ತಂಡಕ್ಕೂ ಕೋಚ್. ನಮ್ಮ ಅಪ್ಪ ಮಲಗಿದ್ದವರು "ರಹೀಂ ಸಾಬ್" ಅಂತ ಹೆಸರು ಬಂದರೆ ಎದ್ದು ಕೂರುತ್ತಿದ್ದರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ರಹೀಂ ಅವರ ಸ್ಟಾಪರ್ ಜರ್ನೈಲ್ ಸಿಂಗ್‌ಗೆ ತಲೆ ಒಡೆದು ಹೊಲಿಗೆ ಬಿತ್ತು. ಹಿಂದೆ ಆಡಿಸುವುದು ಕಷ್ಟ, ಬಿಡಲು ಮನಸ್ಸಿಲ್ಲ. ರಹೀಂ ಅವನನ್ನು ತಲೆಗೆ ಪಟ್ಟಿ ಕಟ್ಟಿಸಿ ಫಾರ್ವರ್ಡ್ ಆಗಿ ಇಳಿಸಿದರು. ಸೆಮಿಫೈನಲಿನಲ್ಲಿ ಗೋಲು ಹೊಡೆದ, ದಕ್ಷಿಣ ಕೊರಿಯಾ ಎದುರಿನ ಫೈನಲಿನಲ್ಲೂ ಹೊಡೆದ. 2-1ರಿಂದ ಚಿನ್ನ ಬಂತು. ನಿಮ್ಮ ಮಗ ಮುಂದಿನಿಂದ ಹಿಂದೆ ಬಂದಿದ್ದಾನೆ, ಅವನು ಹಿಂದಿನಿಂದ ಮುಂದೆ ಹೋಗಿದ್ದ. ಜಾಗ ಬದಲಾಗುವುದು ಆಟದಲ್ಲಿ ಇದ್ದದ್ದೇ.

ಫೋಟೋ ಬೇಕು ಅಂದರೆ ಮುಂದಿನ ಮ್ಯಾಚಿಗೆ ನೀವೇ ಹೋಗಿ. ಎಲ್ಲರೂ ಎದುರಿನವರ ಗೋಲಿನ ಹತ್ತಿರ ಗುಂಪು ಕಟ್ಟುತ್ತಾರೆ, ನೀವು ನಮ್ಮ ಗೋಲಿನ ಹಿಂದೆ ನಿಂತುಕೊಳ್ಳಿ. ಅಲ್ಲಿ ನೂಕುನುಗ್ಗಲು ಇರುವುದಿಲ್ಲ. ಛತ್ರಿ ಮರೆಯಬೇಡಿ, ನೀರಿನ ಬಾಟಲಿ ಎರಡು ಇಟ್ಟುಕೊಳ್ಳಿ, ಒಂದು ಗೋಲಿ ಕೇಳುತ್ತಾನೆ. ಮುಖ ಜಾಸ್ತಿ ಬರುವುದಿಲ್ಲ, ಬೆನ್ನೇ ಬರುತ್ತದೆ. ಜರ್ಸಿಯ ನಂಬರ್ ಮಾತ್ರ ಚೆನ್ನಾಗಿ ಕಾಣುತ್ತದೆ.